ದಾವಣಗೆರೆಯಿಂದ ಮಂಗಳೂರು ಬಂದರಿಗೆ: ಹಡಗು ನೋಡಲು ಹೊರಟವರಿಗೆ ಸಮಗ್ರ ಮಾರ್ಗದರ್ಶಿ

ನಮ್ಮ ದಾವಣಗೆರೆ, ಚಿತ್ರದುರ್ಗದ ಕಡೆಯಿಂದ ಮಂಗಳೂರಿಗೆ ಹೋಗುವವರ ಪಟ್ಟಿ ಹೆಚ್ಚುಕಡಿಮೆ ಒಂದೇ. ಧರ್ಮಸ್ಥಳ, ಸುಬ್ರಹ್ಮಣ್ಯ, ಕಟೀಲು, ಕದ್ರಿ. ಕೊನೆಗೆ ಸಂಜೆ ಒಂದು ಗಂಟೆ ಬೀಚು. ಬಂದರು ಆ ಪಟ್ಟಿಯಲ್ಲಿ ಇರುವುದೇ ಇಲ್ಲ. ನಾನೂ ಎಷ್ಟೋ ವರ್ಷ ಹಾಗೇ ಹೋಗಿ ಬಂದವನು. ಒಮ್ಮೆ ಬಂದರಿಗಾಗಿಯೇ ಹೋದೆ. ಆಮೇಲೆ ಮತ್ತೆರಡು ಸಲ ಹೋದೆ. ಈಗ ಯಾರಾದರೂ ಕೇಳಿದರೆ, ಒಂದು ಪೂರ್ತಿ ದಿನ ಬಂದರಿಗೇ ಇಡಿ ಅನ್ನುತ್ತೇನೆ.

ಯಾಕೆ ಅಂದರೆ, ನಮ್ಮ ಊರಿಗೂ ಆ ಬಂದರಿಗೂ ನಂಟು ಹಳೆಯದು. ನಮ್ಮ ಹಳೇ ಮನೆಗಳ ಮೇಲಿರುವ ಮಂಗಳೂರು ಹೆಂಚನ್ನೇ ನೋಡಿ. 1865ರಲ್ಲಿ ಬಾಸೆಲ್ ಮಿಷನ್ನಿನವರು ನೇತ್ರಾವತಿ ದಡದಲ್ಲಿ ಶುರು ಮಾಡಿದ ಕಾರ್ಖಾನೆಯಿಂದ ಬೆಳೆದ ಉದ್ಯಮ ಅದು. ಹೆಂಚು ಹಡಗು ಹತ್ತಿ ದೂರದೂರದ ದೇಶಗಳಿಗೂ ಹೋಯಿತು. ಭದ್ರಾ ನಾಲೆಯ ಗದ್ದೆಗೆ ಹಾಕುತ್ತಿದ್ದ 'ಮಂಗಳ' ಯೂರಿಯಾ ಚೀಲ ಪಣಂಬೂರಿನ ಕಾರ್ಖಾನೆಯದ್ದು. ಇದನ್ನೆಲ್ಲ ತಲೆಯಲ್ಲಿಟ್ಟುಕೊಂಡು ಹೋದರೆ ಬಂದರು ಸುಮ್ನೆ ನೋಡಿ ಬರುವ ಜಾಗ ಅನ್ನಿಸುವುದಿಲ್ಲ.

ಮೊದಲು ಇದು ಗೊತ್ತಿರಲಿ: ಬಂದರು ಒಂದಲ್ಲ, ಮೂರು

ಇಲ್ಲಿ ಎಡವುವವರೇ ಜಾಸ್ತಿ. ಆಟೋದವರಿಗೆ "ಬಂದರಿಗೆ ಬಿಡಿ" ಅಂದರೆ ಹಳೇ ಬಂದರಿಗೆ ಬಿಡುತ್ತಾರೆ. ದೊಡ್ಡ ಹಡಗು ನೋಡಲು ಬಂದವರು ಅಲ್ಲಿ ಮರದ ದೋಣಿ ನೋಡಿ ಬೇಸರ ಪಡುತ್ತಾರೆ.

ಒಂದು, ಹಳೇ ಬಂದರು. ಊರಿನ ಒಳಗೇ, ಸ್ಟೇಟ್ ಬ್ಯಾಂಕ್ ಬಸ್ ನಿಲ್ದಾಣದಿಂದ ನಡೆದು ಹೋಗುವಷ್ಟು ಹತ್ತಿರ, ಗುರುಪುರ ನದಿಯ ದಡದಲ್ಲಿದೆ. ಈ ನದಿಗೆ ಫಲ್ಗುಣಿ ಅಂತಲೂ ಹೆಸರು. ಎರಡು, ಧಕ್ಕೆ. ಅದು ಮೀನುಗಾರಿಕೆ ಬಂದರು, ಹಳೇ ಬಂದರಿಗೆ ಅಂಟಿಕೊಂಡೇ ಇದೆ. ಮೂರು, ನವಮಂಗಳೂರು ಬಂದರು. ಅದು ಹತ್ತು ಕಿ.ಮೀ. ಉತ್ತರಕ್ಕೆ ಪಣಂಬೂರಿನಲ್ಲಿ, ಹೆದ್ದಾರಿ 66ರ ಪಕ್ಕದಲ್ಲಿದೆ. ಟಿವಿಯಲ್ಲಿ ತೋರಿಸುವ ದೊಡ್ಡ ಹಡಗುಗಳೆಲ್ಲ ಅಲ್ಲಿಗೇ ಬರುತ್ತವೆ.

ಹಳೇ ಬಂದರು ಇರುವಾಗ ಹೊಸದು ಯಾಕೆ ಬೇಕಾಯಿತು? ನೇತ್ರಾವತಿ ಮತ್ತು ಗುರುಪುರ ನದಿಗಳು ಒಂದಾಗಿ ಸಮುದ್ರ ಸೇರುವ ಬಾಯಿಗೆ ಅಲ್ಲಿನವರು 'ಅಳಿವೆ ಬಾಗಿಲು' ಅನ್ನುತ್ತಾರೆ. ಎರಡೂ ನದಿ ಘಟ್ಟದಿಂದ ಹೊತ್ತು ತಂದ ಮರಳು ಅಲ್ಲಿ ದಿಬ್ಬ ಕಟ್ಟುತ್ತದೆ. ಸಣ್ಣ ದೋಣಿ ದಾಟುತ್ತದೆ, ದೊಡ್ಡ ಹಡಗಿನ ತಳ ತಾಗುತ್ತದೆ. ಅದಕ್ಕೇ ಪಣಂಬೂರಿನಲ್ಲಿ ನೆಲ ಅಗೆದು, ಕೊಳದ ಹಾಗೆ ಹೊಸ ಬಂದರು ಮಾಡಿದರು. ಸಮುದ್ರದಿಂದ ಒಳಗೆ ಬರಲು ಏಳೂವರೆ ಕಿ.ಮೀ. ಉದ್ದದ ಆಳದ ಕಾಲುವೆ ತೋಡಿದರು. 1974ರ ಮೇ 4ರಂದು ಅದು ದೇಶದ ಪ್ರಮುಖ ಬಂದರುಗಳ ಸಾಲಿಗೆ ಸೇರಿತು. 1975ರ ಜನವರಿಯಲ್ಲಿ ಪ್ರಧಾನಿ ಇಂದಿರಾ ಗಾಂಧಿ ಉದ್ಘಾಟನೆ ಮಾಡಿದರು. ಇವತ್ತಿಗೂ ಕರ್ನಾಟಕಕ್ಕೆ ಇರುವ ಪ್ರಮುಖ ಬಂದರು ಅದೊಂದೇ.

ಯಾವಾಗ ಹೋಗಬೇಕು

ಅಕ್ಟೋಬರ್‌ನಿಂದ ಫೆಬ್ರವರಿ. ಬೇರೆ ಮಾತೇ ಬೇಡ. ಜೂನ್ 1ರಿಂದ ಜುಲೈ 31ರವರೆಗೆ, 61 ದಿನ, ಯಾಂತ್ರಿಕ ಬೋಟುಗಳ ಮೀನುಗಾರಿಕೆಗೆ ನಿಷೇಧ ಇರುತ್ತದೆ. ಆಗ ಧಕ್ಕೆಗೆ ಹೋದರೆ ಬೋಟುಗಳು ಒತ್ತೊತ್ತಾಗಿ ಕಟ್ಟಿಕೊಂಡು ನಿಂತಿರುತ್ತವೆ, ಕೆಲಸ ಕಾಣುವುದಿಲ್ಲ. ಮಳೆಗಾಲದಲ್ಲಿ ಹಳೇ ಬಂದರಿನ ಮರದ ಹಡಗುಗಳೂ ಹೊರಡುವುದಿಲ್ಲ. ಪಣಂಬೂರಿನ ಬಂದರು ಮಾತ್ರ ವರ್ಷಪೂರ್ತಿ ನಡೆಯುತ್ತದೆ, ಆದರೆ ಮಳೆಯ ಪರದೆಯಲ್ಲಿ ನಿಮಗೆ ಹಡಗು ಕಾಣಬೇಕಲ್ಲ! ಏಪ್ರಿಲ್, ಮೇನಲ್ಲಿ ಹೋಗಬಹುದು. ಆದರೆ ನಮ್ಮ ಒಣ ಬಿಸಿಲಿಗೆ ಒಗ್ಗಿದ ಮೈಗೆ ಅಲ್ಲಿನ ಬೆವರು ತಡೆಯುವುದು ಕಷ್ಟ. ವಯಸ್ಸಾದವರು ಜೊತೆಗಿದ್ದರೆ ಆ ತಿಂಗಳು ಬಿಟ್ಟುಬಿಡಿ.

ಹೋಗುವ ದಾರಿ

ಧಕ್ಕೆ ನೋಡಬೇಕಾದ್ದು ಬೆಳಗಿನ ಜಾವ. ಆದ್ದರಿಂದ ದಾವಣಗೆರೆಯಿಂದ ರಾತ್ರಿ ಬಸ್ಸೇ ಒಳ್ಳೆಯದು. ಬಸ್ ಬಿಜೈನ ಕೆಎಸ್ಆರ್‌ಟಿಸಿ ನಿಲ್ದಾಣಕ್ಕೆ ಹೋಗುತ್ತದೆ. ಅಲ್ಲಿಂದ ಧಕ್ಕೆಗೆ ಆಟೋ ಹಿಡಿಯಿರಿ. ಸ್ವಂತ ಕಾರಾದರೆ ಹೊನ್ನಾಳಿ, ಶಿವಮೊಗ್ಗ, ತೀರ್ಥಹಳ್ಳಿ ಮೇಲೆ ಆಗುಂಬೆ ಘಾಟಿ ಇಳಿಯಬಹುದು. ಆ ತಿರುವುಗಳಲ್ಲಿ ರಾತ್ರಿ ಓಡಿಸಬೇಡಿ, ಹಗಲೇ ಇಳಿದು ಮಂಗಳೂರಲ್ಲಿ ಉಳಿಯಿರಿ. ದುರ್ಗದವರಿಗೆ ಹೊಸದುರ್ಗ, ಚಿಕ್ಕಮಗಳೂರು, ಮೂಡಿಗೆರೆ, ಚಾರ್ಮಾಡಿ ದಾರಿ ಹತ್ತಿರ. ಮಳೆ ಜೋರಾದಾಗ ಚಾರ್ಮಾಡಿಯಲ್ಲಿ ಗುಡ್ಡ ಕುಸಿದು ದಾರಿ ಮುಚ್ಚುವುದುಂಟು, ಹೊರಡುವ ಮುಂಚೆ ವಿಚಾರಿಸಿ.

ರೈಲು ಬೇಕು ಅನ್ನುವವರಿಗೆ ವಿಜಯಪುರ–ಮಂಗಳೂರು ಗಾಡಿ ಹುಬ್ಬಳ್ಳಿ, ದಾವಣಗೆರೆ, ಅರಸೀಕೆರೆ, ಹಾಸನದ ಮೇಲೆ ಹೋಗುತ್ತದೆ. ಸಕಲೇಶಪುರದಿಂದ ಸುಬ್ರಹ್ಮಣ್ಯ ರಸ್ತೆವರೆಗೆ 57 ಸುರಂಗ ದಾಟುವ ಆ ದಾರಿಯನ್ನು ಹಗಲಲ್ಲಿ ನೋಡುವುದೇ ಒಂದು ಪ್ರವಾಸ. ರೈಲಿನಲ್ಲಿ ಹೋಗುವುದಾದರೆ ಹಿಂದಿನ ದಿನವೇ ಮಂಗಳೂರು ಮುಟ್ಟುವ ಹಾಗೆ ನೋಡಿಕೊಳ್ಳಿ. ಇಲ್ಲವಾದರೆ ಧಕ್ಕೆಯ ಬೆಳಗು ತಪ್ಪುತ್ತದೆ.

ಚೀಲದಲ್ಲಿ ಇರಬೇಕಾದ್ದು: ಜಾರದ ಹಿಡಿತದ ಚಪ್ಪಲಿ ಅಥವಾ ಶೂ, ಟೋಪಿ, ನೀರು, ಚಿಲ್ಲರೆ, ಗುರುತಿನ ಚೀಟಿ. ಸಿಕ್ಕರೆ ಒಂದು ದುರ್ಬೀನು. ಇಲ್ಲದಿದ್ದರೆ ಯಾರದಾದರೂ ಕೇಳಿ ತನ್ನಿ, ಸಂಜೆ ಅದರ ಬೆಲೆ ಗೊತ್ತಾಗುತ್ತದೆ. ಮಂಡಕ್ಕಿ ಖಾರ ಅಂತೂ ನಮ್ಮವರು ಹೇಳದಿದ್ದರೂ ಕಟ್ಟಿಕೊಳ್ಳುತ್ತಾರೆ.

ಬೆಳಗ್ಗೆ ಐದಕ್ಕೆ: ಧಕ್ಕೆ

ಐದರಿಂದ ಏಳೂವರೆ, ಅಷ್ಟರಲ್ಲಿ ನೋಡಿ ಮುಗಿಸಿ. ಬಿಸಿಲೇರಿದ ಮೇಲೆ ಗದ್ದಲ ಇಳಿಯುತ್ತದೆ.

ಅಲ್ಲಿ ಎರಡು ಬಗೆಯ ದೊಡ್ಡ ಬೋಟು ಕಾಣುತ್ತವೆ. ಟ್ರಾಲ್ ಬೋಟು ಆಳಸಮುದ್ರಕ್ಕೆ ಹೋಗಿ ವಾರಕ್ಕೂ ಹೆಚ್ಚು ದಿನ ಅಲ್ಲೇ ಇದ್ದು, ಮೀನನ್ನು ಮಂಜುಗಡ್ಡೆಯಲ್ಲಿ ಹೂತು ತರುತ್ತದೆ. ಪರ್ಸೀನ್ ಬೋಟು ಮೀನಿನ ಹಿಂಡನ್ನು ಸುತ್ತುಗಟ್ಟಿ, ಬಲೆಯ ತಳವನ್ನು ಹಮ್ಮಿಣಿ ಬಾಯಿ ಎಳೆದ ಹಾಗೆ ಬಿಗಿದು ಹಿಡಿಯುತ್ತದೆ. ಬಂಗುಡೆ, ಬೂತಾಯಿ ರಾಶಿ ಬರುವುದು ಇದರಲ್ಲಿ. ಪರ್ಸೀನ್ ಬೋಟಿನ ಬಲೆಯ ಗುಡ್ಡೆ ಹತ್ತಿರದಿಂದ ನೋಡಿ, ನಮ್ಮ ಕಡೆ ಹುಲ್ಲಿನ ಬಣವೆ ಇದ್ದ ಹಾಗಿರುತ್ತದೆ.

ನಾನು ನಿಂತಿದ್ದ ಕಡೆ ಬಂಗುಡೆ ಇಳಿಸುತ್ತಿದ್ದರು. ಒಬ್ಬ ಬೋಟಿನ ಹೊಟ್ಟೆಯಲ್ಲಿ ನಿಂತು ಬುಟ್ಟಿ ತುಂಬುತ್ತಾನೆ, ಮೇಲಿನವನು ಎಳೆದು ದಡದವನಿಗೆ ಎಸೆಯುತ್ತಾನೆ, ಖಾಲಿ ಬುಟ್ಟಿ ಅದೇ ಹೊತ್ತಿಗೆ ವಾಪಸ್ ಹಾರುತ್ತದೆ. ಯಾರೂ ಯಾರ ಮುಖವನ್ನೂ ನೋಡುವುದಿಲ್ಲ, ಒಂದು ಬುಟ್ಟಿಯೂ ತಪ್ಪುವುದಿಲ್ಲ. ಮೀನಿನ ಬೆನ್ನಿನ ಮೇಲಿನ ಹಸಿರು ಗೆರೆ ಇನ್ನೂ ಮಿಂಚುತ್ತಿತ್ತು. ಪಕ್ಕದಲ್ಲೇ ಏಲಂ. ನಮ್ಮ ಎಪಿಎಂಸಿಯ ಮೆಕ್ಕೆಜೋಳದ ಹರಾಜು ನೋಡಿದವರಿಗೆ ಅದರ ಲಯ ತಟ್ಟನೆ ಹತ್ತುತ್ತದೆ, ಭಾಷೆ ಮಾತ್ರ ತುಳು, ಬ್ಯಾರಿ, ಮಲಯಾಳ ಎಲ್ಲ ಕಲೆತದ್ದು. ಕೊಳ್ಳುವವರಲ್ಲಿ ಹೆಂಗಸರು ಬಹಳ. ರಾಶಿಯ ಮುಂದೆ ಕೂತು ಒಂದೆರಡು ಮೀನಿನ ಕಿವಿರು ಎತ್ತಿ ನೋಡಿ ಬೆಲೆ ಹೇಳಿಬಿಡುತ್ತಾರೆ. ಕಿವಿರು ಕಡುಕೆಂಪಾಗಿದ್ದರೆ ತಾಜಾ, ಕಂದಿದ್ದರೆ ಹಳೆಯದು.

ಅಲ್ಲಿ ನಿಲ್ಲುವ ರೀತಿ ಮುಖ್ಯ. ಗೋಡೆ ಕಡೆ ನಿಲ್ಲಿ. ನೀರಿನ ಅಂಚಿಗೂ ಏಲಂ ನಡೆಯುವ ಜಾಗಕ್ಕೂ ನಡುವೆ ನಿಲ್ಲಲೇಬೇಡಿ, ಗಾಡಿ, ಬುಟ್ಟಿ ಎಲ್ಲ ಓಡಾಡುವುದು ಅಲ್ಲೇ. ನೆಲ ಮೀನಿನ ನೀರಿನಿಂದ ಜಾರುತ್ತದೆ, ಮಕ್ಕಳ ಕೈ ಬಿಡಬೇಡಿ. ಮೂಗು ಮುಚ್ಚಿಕೊಳ್ಳಬೇಡಿ. ಅದು ಅವರ ಅನ್ನದ ಜಾಗ, ನಮ್ಮ ಮುಖಚಹರೆ ಅವರಿಗೆ ಕಾಣುತ್ತದೆ. ಫೋಟೊ ತೆಗೆಯುವ ಮುಂಚೆ "ಅಕ್ಕ, ಒಂದು ಫೋಟೊ ತೆಗೀಲಾ?" ಅಂತ ಕೇಳಿ. ಬೇಡ ಅಂದರೆ ಅಲ್ಲಿಗೆ ಬಿಡಿ. ಕನ್ನಡ ಹೆಚ್ಚಿನವರಿಗೆ ಅರ್ಥವಾಗುತ್ತದೆ. "ಎಂಚ ಉಲ್ಲರ್?" ಅಂತ ತುಳುವಿನಲ್ಲಿ ಚೆನ್ನಾಗಿದ್ದೀರಾ ಅಂತ ಕೇಳಿದಿರೋ, ಮಾತು ತಾನಾಗೇ ಬೆಳೆಯುತ್ತದೆ.

ಹೊಟ್ಟೆ ತುಂಬಿಸಿ ಹಳೇ ಬಂದರಿಗೆ

ಬನ್ಸ್, ಗೋಳಿಬಜೆ, ನೀರ್ ದೋಸೆ, ಯಾವುದಾದರೂ ಸರಿ. ಬೆಣ್ಣೆ ದೋಸೆಗೆ ಹೋಲಿಸುತ್ತಾ ಕೂರಬೇಡಿ, ಅದರ ರುಚಿ ಬೇರೆ.

ಹಳೇ ಬಂದರು ನಡೆದೇ ನೋಡಬೇಕಾದ ಜಾಗ. ಹಳೇ ಗೋದಾಮುಗಳು, ಒಣಮೀನು, ಮಸಾಲೆ ವಾಸನೆ, ಇಕ್ಕಟ್ಟಾದ ರಸ್ತೆಯಲ್ಲಿ ಲಾರಿ. ಇಲ್ಲಿನ ಝೀನತ್ ಬಕ್ಷ್ ಜುಮ್ಮಾ ಮಸೀದಿಯ ಮರದ ಕೆತ್ತನೆ ಕಂಬಗಳು ಪ್ರಸಿದ್ಧ. ಪ್ರಾರ್ಥನೆಯ ಹೊತ್ತು ಬಿಟ್ಟು, ಕೇಳಿಕೊಂಡು ಒಳಗೆ ಹೋಗಿ. ಅರಬ್ ವ್ಯಾಪಾರಿಗಳು ಈ ದಡಕ್ಕೆ ಬಂದದ್ದು ಎಷ್ಟು ಹಿಂದೆ ಅಂದರೆ, 14ನೇ ಶತಮಾನದಲ್ಲಿ ಬಂದ ಇಬ್ನ್ ಬತೂತನೇ ಇಲ್ಲಿ ನೆಲೆಸಿದ ಮುಸ್ಲಿಂ ವರ್ತಕರ ಬಗ್ಗೆ ಬರೆದಿದ್ದಾನೆ. 1443ರಲ್ಲಿ ಪರ್ಷಿಯಾದ ರಾಯಭಾರಿ ಅಬ್ದುರ್ ರಜಾಕ್ ಮಂಗಳೂರಿನಲ್ಲಿ ಹಡಗು ಇಳಿದು, ಘಟ್ಟ ಹತ್ತಿ ವಿಜಯನಗರಕ್ಕೆ ಹೋದ. ನಮ್ಮ ಬಯಲುಸೀಮೆಗೆ ಸಮುದ್ರದ ಬಾಗಿಲು ಆಗಲೂ ಇದೇ ಆಗಿತ್ತು.

ದಡದಲ್ಲಿ ಕಟ್ಟಿದ ಮರದ ಸರಕು ಹಡಗಿಗೆ 'ಮಂಜಿ' ಅನ್ನುತ್ತಾರೆ. ('ಮಾಂಜಿ' ಅಂದರೆ ಪಾಂಫ್ರೆಟ್ ಮೀನು, ದೀರ್ಘ ತಪ್ಪಿದರೆ ಮಾತೇ ಬೇರೆ.) ಇವು ಲಕ್ಷದ್ವೀಪಕ್ಕೆ ಸಾಮಾನು ಒಯ್ಯುತ್ತವೆ. ಅಕ್ಕಿ, ತರಕಾರಿ, ಸಿಮೆಂಟ್, ಜಲ್ಲಿ, ಕಬ್ಬಿಣ. ಅಲ್ಲಿ ಹೊಲ ಇಲ್ಲ, ಕಲ್ಲು ಇಲ್ಲ. ತೆಂಗು ಮತ್ತು ಮೀನು ಬಿಟ್ಟರೆ ಬಹುತೇಕ ಎಲ್ಲ ದಾಟಿ ಹೋಗಬೇಕು. 1956ರವರೆಗೆ ಆ ದ್ವೀಪಗಳಲ್ಲಿ ಅಮಿನಿದಿವಿ ಗುಂಪು ಆಗಿನ ದಕ್ಷಿಣ ಕನ್ನಡ ಜಿಲ್ಲೆಗೇ ಸೇರಿತ್ತು. ಹಾಗಾಗಿ ವ್ಯಾಪಾರದ ದಾರಿ ಇನ್ನೂ ಇಲ್ಲಿಗೇ ಬರುತ್ತದೆ.

ಇಲ್ಲಿ ಕಂಡ ಒಂದು ದೃಶ್ಯಕ್ಕಾಗಿಯೇ ನಾನು ಮತ್ತೆ ಮತ್ತೆ ಹೋಗುತ್ತೇನೆ. ದಡಕ್ಕೂ ಮಂಜಿಗೂ ನಡುವೆ ಒಂದು ಹಲಗೆ. ಅಗಲ ಒಂದೂವರೆ ಅಡಿ ಇರಬಹುದು. ಹಮಾಲರು ಬೆನ್ನ ಮೇಲೆ ಚೀಲ ಹೊತ್ತು ಅದರ ಮೇಲೆ ನಡೆಯುತ್ತಿದ್ದರು. ಹೆಜ್ಜೆ ಹಾಕಿದಾಗ ಹಲಗೆ ಬಗ್ಗುತ್ತದೆ, ಅದು ಮೇಲೇಳುವ ಹೊತ್ತಿಗೆ ಸರಿಯಾಗಿ ಮುಂದಿನ ಹೆಜ್ಜೆ. ಕೆಂಪು ಜಾಳಿಗೆ ಚೀಲ. ಒಂದು ಒಣಸಿಪ್ಪೆ ಗಾಳಿಗೆ ಹಾರಿ ನನ್ನ ಕಾಲ ಹತ್ತಿರ ಬಂದು ಬಿತ್ತು. ಈರುಳ್ಳಿ.

"ಯಾವೂರ ಮಾಲು ಅಣ್ಣ?" ಅಂದೆ.

"ಚಳ್ಳಕೆರೆ ಕಡೆದಂತೆ."

"ಎಲ್ಲಿಗೆ?"

"ದ್ವೀಪಕ್ಕೆ."

ನಮ್ಮ ಕಡೆ ಬೆಲೆ ಬಿದ್ದ ವರ್ಷ ರೈತರು ಇದೇ ಈರುಳ್ಳಿಯನ್ನು ರಸ್ತೆಗೆ ಸುರಿದದ್ದು ನೋಡಿದ್ದೇನೆ. ಅದೇ ಈರುಳ್ಳಿ ಇಲ್ಲಿ ಒಂದೊಂದೇ ಚೀಲವಾಗಿ, ಕಾಲಡಿ ನೀರಿರುವ ಹಲಗೆ ದಾಟಿ, ಸಮುದ್ರದ ನಡುವಿನ ಯಾರದೋ ಅಡುಗೆಮನೆಗೆ ಹೊರಟಿತ್ತು. ನಾನು ಅರ್ಧ ಗಂಟೆ ಅಲ್ಲೇ ನಿಂತೆ. ನೀವೂ ನಿಲ್ಲಿ. ಬಂದರಿನಲ್ಲಿ ಓಡಾಡಿ ನೋಡುವುದಕ್ಕಿಂತ ಒಂದು ಹಡಗಿನ ಮುಂದೆ ನಿಂತು ನೋಡಿದರೆ ಸಿಗುವುದು ಜಾಸ್ತಿ. ಏನು ಇಳಿಯುತ್ತಿದೆ, ಏನು ಏರುತ್ತಿದೆ, ಎಲ್ಲಿಂದ, ಎಲ್ಲಿಗೆ, ಈ ನಾಲ್ಕು ಕೇಳಿಕೊಂಡರೆ ಸಾಕು. ಆದರೆ ಕೇಳದೆ ಹಡಗು ಹತ್ತಬೇಡಿ, ಹಗ್ಗ ಕಟ್ಟಿದ ಗೂಟದ ಹತ್ತಿರ ನಿಲ್ಲಬೇಡಿ. ಬಿಗಿದ ಹಗ್ಗ ತುಂಡಾದರೆ ಚಾಟಿಯ ಹಾಗೆ ಬಡಿಯುತ್ತದೆ.

ಮಧ್ಯಾಹ್ನ: ನದಿ ದಾಟಿ

ಬಂದರಿನಿಂದ ಆಟೋದಲ್ಲಿ ಬೋಳೂರಿನ ಸುಲ್ತಾನ್ ಬತ್ತೇರಿಗೆ ಹೋಗಿ. ಶತ್ರು ಹಡಗು ಗುರುಪುರ ನದಿಯೊಳಗೆ ನುಗ್ಗದಂತೆ ಟಿಪ್ಪು 1784ರಲ್ಲಿ ಕಟ್ಟಿಸಿದ ಕಾವಲು ಬುರುಜು ಅದು. ಬತೇರಿ ಅನ್ನುವ ಮಾತು ದುರ್ಗದವರಿಗೆ ಹೊಸದಲ್ಲ, ಅಲ್ವಾ? ಏಳುಸುತ್ತಿನ ಕೋಟೆ ನೋಡಿ ಬೆಳೆದವರಿಗೆ ಇದು ಪುಟ್ಟದು ಅನ್ನಿಸುತ್ತದೆ. ಆದರೆ ಮೇಲೆ ಹತ್ತಿ ಗೋಡೆಯ ಕಿಂಡಿಯಿಂದ ನದಿ ನೋಡಿ. ಯಾವ ದೋಣಿಯೂ ಕಣ್ಣು ತಪ್ಪಿಸುವುದಿಲ್ಲ.

ಬುರುಜಿನ ಪಕ್ಕದಿಂದಲೇ ತಣ್ಣೀರುಬಾವಿಗೆ ದೋಣಿ ಹೋಗುತ್ತದೆ. ಕೆಲವೇ ನಿಮಿಷದ ದಾರಿ. ಆ ಕಡೆ ಇರುವುದು ನದಿಗೂ ಸಮುದ್ರಕ್ಕೂ ನಡುವಿನ ಮರಳು ಪಟ್ಟಿ. ಒಂದು ಬದಿಗೆ ನದಿ, ಸ್ವಲ್ಪ ನಡೆದರೆ ಇನ್ನೊಂದು ಬದಿಗೆ ಕಡಲು. ಮರದ ನೆರಳಿದೆ, ಕಟ್ಟಿಕೊಂಡು ಹೋದದ್ದು ಇಲ್ಲಿ ಬಿಚ್ಚಿ. ಪೊಟ್ಟಣ, ಕವರು ವಾಪಸ್ ಚೀಲಕ್ಕೆ ಹಾಕಿ. ನಾಲ್ಕು ಗಂಟೆ ಹೊತ್ತಿಗೆ ಪಣಂಬೂರಿಗೆ ಹೊರಡಿ.

ನವಮಂಗಳೂರು ಬಂದರಿನ ಒಳಗೆ ಬಿಡುತ್ತಾರಾ?

ಸುಮ್ನೆ ಹೋಗಿ ಕೇಳಿದರೆ ಬಿಡುವುದಿಲ್ಲ. ಗೇಟಿನಲ್ಲಿ ಸಿಐಎಸ್ಎಫ್ ಕಾವಲಿದೆ, ಪಾಸ್ ಬೇಕು. ಹಡಗು ಮತ್ತು ಬಂದರು ಭದ್ರತೆಯ ಅಂತರರಾಷ್ಟ್ರೀಯ ನಿಯಮ 2004ರ ಜುಲೈನಲ್ಲಿ ಜಾರಿಗೆ ಬಂದ ಮೇಲೆ ಎಲ್ಲ ದೊಡ್ಡ ಬಂದರುಗಳಲ್ಲೂ ಹೀಗೆಯೇ. ಒಳಗೆ ಗ್ಯಾಸ್, ಕಚ್ಚಾತೈಲದ ಕೊಳವೆಗಳಿವೆ, ಕಲ್ಲಿದ್ದಲು, ಕಂಟೇನರ್ ಎತ್ತುವ ಕ್ರೇನುಗಳು ಓಡುತ್ತವೆ. ಗೇಟಿನಲ್ಲಿ ವಾದ ಮಾಡಬೇಡಿ, ಅಲ್ಲಿ ಫೋಟೊ ತೆಗೆಯಬೇಡಿ, ಡ್ರೋನ್ ಅಂತೂ ಹಾರಿಸಲೇಬೇಡಿ. ಕಾಲೇಜಿನ ತಂಡವಾದರೆ ಸಂಸ್ಥೆಯ ಪತ್ರದ ಮೂಲಕ ಬಂದರು ಪ್ರಾಧಿಕಾರವನ್ನು ಮುಂಚಿತವಾಗಿ ಕೇಳಿ. ಒಬ್ಬೊಬ್ಬರೇ ಹೋಗುವವರಿಗೆ ಅದಕ್ಕಿಂತ ಒಳ್ಳೆಯ ಜಾಗ ಪಕ್ಕದಲ್ಲೇ ಇದೆ.

ಸಂಜೆ: ಪಣಂಬೂರು ಬೀಚಿನಿಂದ ಹಡಗು ಓದುವುದು

ಬೀಚಿನಲ್ಲಿ ಬಂದರಿಗೆ ಹತ್ತಿರದ ತುದಿ ಕಡೆ ಕೂರಿ. ಅಲೆ ತಡೆಯಲು ಹಾಕಿದ ಬಂಡೆಗಳ ಉದ್ದನೆಯ ಗೋಡೆ ಕಾಣುತ್ತದೆ. ಅಂಥ ಎರಡು ಗೋಡೆಗಳ ನಡುವೆ ಬಂದರಿನ ಬಾಯಿ. ಬಂಡೆಗಳ ಮೇಲೆ ಮಾತ್ರ ಹತ್ತಬೇಡಿ. ಪಾಚಿ, ಸಂದು, ಇದ್ದಕ್ಕಿದ್ದ ಹಾಗೆ ಬರುವ ದೊಡ್ಡ ಅಲೆ, ಮೂರೂ ಅಪಾಯ.

ದೂರದಲ್ಲಿ ಅಲ್ಲಾಡದೆ ನಿಂತ ಹಡಗುಗಳು ಲಂಗರು ಹಾಕಿ ಸರದಿ ಕಾಯುತ್ತಿರುತ್ತವೆ. ಮೊಬೈಲಿನಲ್ಲಿ ಮರೀನ್ ಟ್ರಾಫಿಕ್‌ನಂಥ ಆ್ಯಪ್ ಹಾಕಿಕೊಂಡರೆ ಹಡಗಿನ ಹೆಸರು, ಎಲ್ಲಿಂದ ಬಂತು ಎಲ್ಲ ಕಾಣುತ್ತದೆ. ದೊಡ್ಡ ಹಡಗುಗಳು ತಮ್ಮ ಗುರುತನ್ನು ರೇಡಿಯೊದಲ್ಲಿ ಸಾರುತ್ತಲೇ ಇರಬೇಕು ಅನ್ನುವುದು ನಿಯಮ.

ಇನ್ನು ದುರ್ಬೀನು ತೆಗೆಯಿರಿ. ಮೊದಲು ನೀರಿನ ಗೆರೆ ನೋಡಿ. ಒಡಲಿನ ಕೆಳಗಿನ ಕೆಂಪು ಬಣ್ಣ ಎತ್ತರಕ್ಕೆ ಕಂಡರೆ ಹಡಗು ಖಾಲಿ, ಮುಳುಗಿದ್ದರೆ ಮಾಲು ತುಂಬಿದೆ. ಮೂತಿಯ ಹತ್ತಿರ ಬರೆದ ಅಂಕಿಗಳು ಎಷ್ಟು ಆಳ ಮುಳುಗಿದೆ ಅಂತ ಹೇಳುತ್ತವೆ. ಆಮೇಲೆ ಮೇಲ್ಭಾಗ. ಬೆನ್ನಿನ ಮೇಲೆ ಕೊಳವೆಗಳ ಜಾಲ ಇದ್ದರೆ ಎಣ್ಣೆ ಹಡಗು. ದೊಡ್ಡ ಮುಚ್ಚಳಗಳ ಸಾಲು ಇದ್ದರೆ ಕಲ್ಲಿದ್ದಲು, ಗೊಬ್ಬರದಂಥ ಬಿಡಿ ಸರಕಿನದು. ಪೆಟ್ಟಿಗೆ ಜೋಡಿಸಿದ್ದರೆ ಕಂಟೇನರ್ ಹಡಗು. ಚಿಕ್ಕಮಗಳೂರು, ಕೊಡಗಿನ ಕಾಫಿ ಹೊರದೇಶಕ್ಕೆ ಹೋಗುವುದು ಅಂಥ ಪೆಟ್ಟಿಗೆಯಲ್ಲೇ. ಹಿಂಭಾಗದಲ್ಲಿ ಹೆಸರಿನ ಕೆಳಗೆ ಊರಿನ ಹೆಸರಿರುತ್ತದೆ, ಪನಾಮಾ, ಮೊನ್ರೋವಿಯಾ, ಮಜುರೊ ಅಂತ. ಅದು ಹಡಗು ನೋಂದಣಿಯಾದ ಊರು, ಹೊರಟು ಬಂದ ಊರಲ್ಲ.

ಬಾವುಟಗಳನ್ನು ಮಕ್ಕಳಿಗೆ ಕಲಿಸಿ, ಬೇಗ ಹಿಡಿಯುತ್ತಾರೆ. ಅರ್ಧ ಬಿಳಿ ಅರ್ಧ ಕೆಂಪು ಇದ್ದರೆ ಪೈಲಟ್ ಹಡಗು ಹತ್ತಿದ್ದಾರೆ ಅಂತ. ಹೊರಗಿನ ಕ್ಯಾಪ್ಟನ್‌ಗೆ ಇಲ್ಲಿನ ನೀರು ಗೊತ್ತಿರುವುದಿಲ್ಲ. ಅದಕ್ಕೇ ಬಂದರಿನ ಪೈಲಟ್ ಸಣ್ಣ ದೋಣಿಯಲ್ಲಿ ಹೋಗಿ, ಹಗ್ಗದ ಏಣಿ ಹತ್ತಿ, ಹಡಗನ್ನು ಕಾಲುವೆಯಲ್ಲಿ ಒಳಗೆ ತರುತ್ತಾರೆ. ಪೂರ್ತಿ ಕೆಂಪು ಬಾವುಟ ಇದ್ದರೆ ಅಪಾಯಕಾರಿ ಸರಕು. ಬಾಯಿಯ ಹತ್ತಿರ ಬಂದ ಮೇಲೆ ಟಗ್ ದೋಣಿಗಳು ಅಂಟಿಕೊಂಡು ತಳ್ಳುವುದು, ಎಳೆಯುವುದು ಶುರುವಾಗುತ್ತದೆ.

ನೀರಿಗೆ ಇಳಿಯುವ ಮಾತು. ಭದ್ರಾ ನಾಲೆಯಲ್ಲಿ, ತುಂಗಭದ್ರೆಯಲ್ಲಿ ಈಜು ಕಲಿತ ನಮ್ಮ ಹುಡುಗರಿಗೆ ಧೈರ್ಯ ಜಾಸ್ತಿ. ನಾಲೆಯ ಸೆಳೆತ ಒಂದೇ ದಿಕ್ಕಿಗೆ. ಕಡಲು ಹಾಗಲ್ಲ, ಬಂದ ಅಲೆ ವಾಪಸ್ ಹೋಗುವಾಗ ಕಾಲಡಿಯ ಮರಳನ್ನೇ ಎಳೆದುಕೊಂಡು ಹೋಗುತ್ತದೆ. ಜೀವರಕ್ಷಕರು ತೋರಿಸಿದ ಜಾಗದಲ್ಲಿ, ಮೊಣಕಾಲಿನವರೆಗೆ, ಅಷ್ಟೇ. ಕೆಂಪು ಬಾವುಟ ನೆಟ್ಟಿದ್ದರೆ ಅದೂ ಬೇಡ. ಮನೆಯಲ್ಲಿ ಕಾಯುವವರಿದ್ದಾರೆ, ಇದರಲ್ಲಿ ಹಠ ಮಾಡಬೇಡಿ.

ಸೂರ್ಯ ಮುಳುಗಿದ ತಕ್ಷಣ ಎದ್ದು ಹೋಗಬೇಡಿ. ಇನ್ನೊಂದು ಅರ್ಧ ಗಂಟೆ. ಕತ್ತಲಾದ ಮೇಲೆ ಹಡಗು ದೀಪದಲ್ಲಿ ಮಾತಾಡುತ್ತದೆ. ಅದರ ಎಡಕ್ಕೆ ಕೆಂಪು ದೀಪ, ಬಲಕ್ಕೆ ಹಸಿರು. ಎರಡೂ ಒಟ್ಟಿಗೆ ಕಂಡರೆ ಹಡಗು ನೇರ ನಿಮ್ಮ ಕಡೆಗೇ ಬರುತ್ತಿದೆ. ಕೆಂಪು ಮಾತ್ರ ಕಂಡರೆ ನಿಮ್ಮ ಎಡಗಡೆಗೆ ದಾಟುತ್ತಿದೆ, ಹಸಿರು ಮಾತ್ರ ಕಂಡರೆ ಬಲಗಡೆಗೆ. ಹೊರಟು ಹೋಗುವ ಹಡಗಿನ ಹಿಂದೆ ಒಂದೇ ಬಿಳಿ ದೀಪ.

ವಾಪಸ್ ಬರುವಾಗ

ಬೀಚಿನಿಂದ ಹೆದ್ದಾರಿಗೆ ಬಂದರೆ ಸುರತ್ಕಲ್ ಕಡೆಯಿಂದ ಸ್ಟೇಟ್ ಬ್ಯಾಂಕಿಗೆ ಹೋಗುವ ಸಿಟಿ ಬಸ್ಸು ಸಿಗುತ್ತವೆ. ಕೂಳೂರು ಸೇತುವೆ ಹತ್ತಿರ ಲಾರಿಗಳ ಸಾಲು ನಿಂತರೆ ಹೊತ್ತಾಗುತ್ತದೆ. ರಾತ್ರಿ ಬಸ್ ಹಿಡಿಯುವವರು ಎರಡು ಗಂಟೆ ಮುಂಚೆಯೇ ಹೊರಡಿ. ಒಣಮೀನು ಕೊಂಡಿದ್ದರೆ ಮೂರು ಕವರಿನಲ್ಲಿ ಬಿಗಿಯಾಗಿ ಕಟ್ಟಿ, ಕಂಡಕ್ಟರ್‌ಗೆ ಹೇಳಿ ಕೆಳಗಿನ ಡಿಕ್ಕಿಯಲ್ಲಿ ಇಡಿಸಿ. ಊರಿಗೆ ಬಂದ ಮೇಲೆ ಯಾರದಾದರೂ ಹಳೇ ಮನೆ ಕೆಡವುತ್ತಿದ್ದರೆ ಒಂದು ಹೆಂಚು ಕೇಳಿ ತೆಗೆದುಕೊಂಡು ತಿರುಗಿಸಿ ನೋಡಿ. ಕಾರ್ಖಾನೆಯ ಹೆಸರಿನ ಜೊತೆ ಮಂಗಳೂರು ಅಂತ ಅಚ್ಚು ಒತ್ತಿರುತ್ತದೆ.